ತನ್ನಷ್ಟಕ್ಕೆ ಉಬ್ಬುವ ಹಿಟ್ಟು

"ಈ ಹರಿದಾಸ ಒಂದು ಸಲ ಮನಸ್ಸು ಮಾಡಿದ ಅಂದ್ರೆ, ಒಂದೇ ಒಂದು ಕ್ರಿಮಿ ಆ ಹಿಟ್ಟಿನ ಹತ್ರ ಸುಳೀಲಿಕ್ಕಿಲ್ಲ!"

ಗುರುವಾರ ಮಧ್ಯಾಹ್ನ ಹರಿದಾಸರು ತಮ್ಮ 'ಶ್ರೀಜಾ ರಿಫ್ರೆಶ್‌ಮೆಂಟ್ಸ್'ನ ನಟ್ಟನಡುವೆ ನಿಂತು ಹೀಗೆ ಘೋಷಿಸಿದಾಗ ಊಟ ಮಾಡುತ್ತಿದ್ದ ಹನ್ನೊಂದು ಮಂದಿ ತಲೆಯೆತ್ತಿ ನೋಡಿದರು. ನಾಸಿಕದ ಗಿರಾಕಿಗಳು, ಕನ್ನಡ ಬಾರದವರು. ಪಾಪ ಶೆಟ್ಟರಿಗೆ ಊರಿನಿಂದ ಯಾರದೋ ಸಾವಿನ ಸುದ್ದಿ ಬಂದಿರಬೇಕೆಂದುಕೊಂಡು ಇಬ್ಬರು ಸಾಂಬಾರು ಬಡಿಸಿಕೊಳ್ಳುವುದನ್ನೇ ನಿಲ್ಲಿಸಿದರು.

ಬಂದದ್ದು ಸಾವಿನ ಸುದ್ದಿಯಲ್ಲ, ಮಗಳ ಫೋನು. ಶ್ರೀಜಾ ಛತ್ರಪತಿ ಸಂಭಾಜಿನಗರದಲ್ಲಿ ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದಳು. ಎರಡು ಕಾಲೇಜುಗಳಲ್ಲಿ ಪರೀಕ್ಷಾರ್ಥ ಪಾಠ ಮಾಡಿ, ಎರಡರಲ್ಲೂ 'ವಿಷಯ ಗೊತ್ತಿದೆ, ಮಕ್ಕಳಿಗೆ ನಿದ್ದೆ ಬರುತ್ತದೆ' ಅನ್ನಿಸಿಕೊಂಡು ಬಂದಿದ್ದಳು. ಈಗ ಮೂರನೆಯದು. ಶನಿವಾರ ಹನ್ನೊಂದೂವರೆಗೆ ಮೊದಲ ವರ್ಷದ ಅರುವತ್ತು ಮಕ್ಕಳಿಗೆ ಪಾಠ, ಕೊನೆಯ ಬೆಂಚಿನಲ್ಲಿ ವಿಭಾಗದ ಮುಖ್ಯಸ್ಥೆ ನೀರಜಾ ಮೇಡಂ. ಅವರು ಒಪ್ಪಿದರೆ ಸೋಮವಾರದಿಂದ ಕೆಲಸ. ಒಪ್ಪದಿದ್ದರೆ ಪೆಟ್ಟಿಗೆ ಕಟ್ಟಿಕೊಂಡು ನಾಸಿಕಕ್ಕೆ ವಾಪಸು ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು.

"ಪಪ್ಪ, ನಂಗೆ ಒಂದು ಕ್ಯಾನ್ ಇಡ್ಲಿ ಹಿಟ್ಟು ಪಾಯಿಜೆ, ಬೇಕೇ ಬೇಕು" ಎಂದಿದ್ದಳು. "ಶುಕ್ರವಾರ ಸಂಜೆ ಕಡ್ದದ್ದು. ಶನಿವಾರ ಹೊತ್ತಿಗೆ ಮಸ್ತ್ ಉಬ್ಬಿರ್ಬೇಕು. ಅದನ್ನೇ ಇಟ್ಕೊಂಡು ಪಾಠ ಮಾಡ್ತೇನೆ. ಹಿಟ್ಟು ಯಾಕೆ ಉಬ್ತದೆ, ಗೊತ್ತುಂಟಾ ನಿಮ್ಗೆ?"

"ಯಾಕೆ ಅಂದ್ರೆ ಎಂತ? ಅದು ತನ್ನಷ್ಟಕ್ಕೆ ಉಬ್ತದೆ. ಮೂವತ್ತು ವರ್ಷದಿಂದ ನೋಡ್ತಾ ಇದ್ದೇನೆ."

ಶ್ರೀಜಾ ನಕ್ಕಳು. "ಬರಾಬರ್, ಅದೇ ನನ್ನ ಪಾಠ. ನೀವು ಯಾವಾಗ್ಲೂ ಮಾಡುವ ಹಾಗೆಯೇ ಮಾಡಿ ಪಪ್ಪ. ಜಾಸ್ತಿ ಎಂತ ಮಾಡ್ಬೇಡಿ."

ಹರಿದಾಸರಿಗೆ ಎಲ್ಲವೂ ಕೇಳಿಸಿತು, ಈ ಕೊನೆಯ ಮಾತೊಂದನ್ನು ಬಿಟ್ಟು.

ಹಿಟ್ಟು ಹೊತ್ತು ಮಗಳ ಪಾಠಕ್ಕೆ ಹೋಗುವ ಅಪ್ಪ ಏನೂ ಗೊತ್ತಿಲ್ಲದೆ ಹೋದರೆ ಮರ್ಯಾದೆಯ ಪ್ರಶ್ನೆ. ಹೋಟೆಲಿನ ಮೇಲಿನ ಮಹಡಿಯೇ ಮನೆ. ಹತ್ತಿ ಹೋಗಿ, ಕಪಾಟಿನಿಂದ ಶ್ರೀಜಾಳ ಮೊದಲ ವರ್ಷದ ನೋಟ್ಸ್ ಹುಡುಕಿ ತೆಗೆದು, ಕನ್ನಡಕ ಏರಿಸಿ ಕುಳಿತರು. ಪಕ್ಕದಲ್ಲಿ ಹೆಂಡತಿ ಕುಸುಮಾವತಿ ಬೀನ್ಸ್ ಸೋಸುತ್ತಿದ್ದರು.

"ಕುಸುಮಾ, ಕೇಳಿಲ್ಲಿ. ಈ ಕ್ರಿಮಿಗಳನ್ನು ಮೊದಲು ನೋಡಿದವ ಡಾಕ್ಟರ್ ಅಲ್ಲ ಮಾರಾಯ್ತಿ, ಹಾಲೆಂಡಿನ ಒಬ್ಬ ಬಟ್ಟೆ ವ್ಯಾಪಾರಿ. ಲೇವನ್‌ಹುಕ್ ಅಂತ. ಮುನ್ನೂರೈವತ್ತು ವರ್ಷದ ಹಿಂದೆ."

"ಸೀರೆ ಅಂಗಡಿಯವನಾ?" ಕುಸುಮಾವತಿಯ ಕೈ ನಿಂತಿತು.

"ಹಾಗೇ ಅಂತ ಇಟ್ಕೊ. ನೂಲು ನೋಡುವ ಭೂತಗನ್ನಡಿ ಇರ್ತದಲ್ಲ, ಅದಕ್ಕಿಂತ ಜೋರಿನದ್ದು ತಾನೇ ಮಾಡಿಕೊಂಡ. ಅದ್ರಲ್ಲಿ ಹಲ್ಲಿನ ಕೊಳೆ ನೋಡಿದ. ಅಲ್ಲಿ ಸಣ್ಣ ಸಣ್ಣ ಪ್ರಾಣಿಗಳು ಓಡಾಡ್ತಾ ಇದ್ದವಂತೆ."

"ಯೇವಲಾದಲ್ಲಿ ಪೈಠಣಿ ಸೀರೆಯ ಜರಿಯನ್ನೂ ಭೂತಗನ್ನಡಿ ಹಿಡ್ದು ತೋರಿಸ್ತಾರೆ. ಆದ್ರೆ ಹಲ್ಲು ನೋಡಿಕೊಂಡವರನ್ನು ನಾನು ಕಂಡಿಲ್ಲಪ್ಪ."

ಹರಿದಾಸರು ಮುಂದೆ ಓದಿದರು. ಪುಟ ತಿರುಗಿದಂತೆ ಅವರ ಮುಖ ಬಿಳುಚಿತು. ನೀರಿನಲ್ಲಿ ಕ್ರಿಮಿ, ಗಾಳಿಯಲ್ಲಿ ಕ್ರಿಮಿ, ನೋಟಿನ ಮೇಲೆ ಕ್ರಿಮಿ. ಕಾಲರಾ, ಕ್ಷಯ. ಕೈ ತೊಳೆಯದೆ ಹೆರಿಗೆ ಮಾಡಿಸಿದ ಡಾಕ್ಟರುಗಳಿಂದಲೇ ಬಾಣಂತಿಯರು ಸಾಯುತ್ತಿದ್ದರೆಂಬ ಕಡೆ ಬಂದಾಗ ಅವರ ದೃಷ್ಟಿ ಮೆಲ್ಲಗೆ ಪುಸ್ತಕದಿಂದ ಎದ್ದು ಹೆಂಡತಿಯ ಕೈಯ ಮೇಲೆ ಕುಳಿತಿತು. ಮೂವತ್ತು ವರ್ಷಗಳಿಂದ ಪ್ರತಿ ಸಂಜೆ ಆ ಕೈ ಉಪ್ಪು ಹಾಕಿ, ಮೊಣಕೈವರೆಗೆ ಇಳಿದು, ಹೋಟೆಲಿನ ಹಿಟ್ಟು ಕಲಸುತ್ತ ಬಂದಿತ್ತು. ಗಿರಾಕಿಗಳು ಇಡ್ಲಿ ಹೊಗಳಿದಾಗಲೆಲ್ಲ ಅಡುಗೆ ಭಟ್ಟ ರಾಚಪ್ಪ "ಅದು ನಮ್ಮ ಅಕ್ಕಾರ ಕೈಗುಣರೀ" ಅನ್ನುತ್ತಿದ್ದ. ಹರಿದಾಸರು ಅದನ್ನು ಸಂಬಳ ಏರಿಸುವ ತಿಂಗಳಿನ ಮಾತೆಂದು ತಿಳಿದಿದ್ದರು.

"ಕೈ ತೋರಿಸು" ಎಂದರು.

"ಯಾಕೆ, ಭವಿಷ್ಯ ಹೇಳ್ತೀರಾ?"

"ನಾಳೆ ಮಗಳ ಹಿಟ್ಟಿಗೆ ಈ ಕೈ ಹಾಕ್ಬೇಡ. ಇದ್ರಲ್ಲಿ ಲಕ್ಷಗಟ್ಟಲೆ ಉಂಟಂತೆ."

ಕುಸುಮಾವತಿ ತಮ್ಮ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಬೀನ್ಸಿನ ತಟ್ಟೆಯನ್ನು ಅತ್ತ ಸರಿಸಿದರು. ಮದುವೆಯಾಗಿ ಇಷ್ಟು ವರ್ಷವಾದ ಗಂಡಸು ಹೆದರಬೇಕಾದದ್ದು ಆಗ. ಹರಿದಾಸರು ಹೆದರಲಿಲ್ಲ. ನಲವತ್ತನೆಯ ಪುಟಕ್ಕೆ ಪುಸ್ತಕ ಮುಚ್ಚಿ ಕೆಳಗಿಳಿದು ಹೋಗಿ, ಹೋಟೆಲಿನ ನಡುವೆ ನಿಂತು ಆ ಘೋಷಣೆ ಮಾಡಿದರು. ನಲವತ್ತೊಂದನೆಯ ಪುಟದ ನೆತ್ತಿಯ ಮೇಲೆ ಶ್ರೀಜಾ ಕೆಂಪು ಶಾಯಿಯಲ್ಲಿ 'ಉಪಕಾರಿ ಸೂಕ್ಷ್ಮಜೀವಿಗಳು' ಎಂದು ಬರೆದು ಎರಡು ಗೆರೆ ಎಳೆದಿದ್ದಳು. ಅರ್ಧ ಕಲಿತವನ ಅಬ್ಬರ ಹೆಚ್ಚು ಅನ್ನುತ್ತಾರೆ. ಇವರದು ಅರ್ಧವೂ ಅಲ್ಲ, ಬರೀ ನಲವತ್ತು ಪುಟ.

ಶುಕ್ರವಾರ ಸಂಜೆ ಅಡುಗೆಮನೆಯಲ್ಲಿ ಮಹಾಯಜ್ಞ ಆರಂಭವಾಯಿತು. ನೆನೆದ ಉದ್ದಿಗೂ ಅಕ್ಕಿಗೂ ಕುದಿಯುವ ನೀರಿನ ಅಭ್ಯಂಜನ. ಗ್ರೈಂಡರಿಗೆ ಬ್ಲೀಚಿಂಗ್ ಪುಡಿಯ ಸ್ನಾನ, ಆಮೇಲೆ ಮತ್ತೆ ಕುದಿನೀರು. ಹರಿದಾಸರ ಕೈಗೆ ಮೊಣಕೈವರೆಗಿನ ಕೈಗವಸು, ಬಾಯಿಗೆ ಮಾಸ್ಕು, ತಲೆಗೆ ಪ್ಲಾಸ್ಟಿಕ್ ಟೋಪಿ. ಹಿಟ್ಟನ್ನು ಸೌಟಿನಲ್ಲಿ ಕಲಸಿ, ಕುದಿಸಿ ಆರಿಸಿದ ಕ್ಯಾನಿಗೆ ತುಂಬಿ, ಮುಚ್ಚಳದ ಸುತ್ತ ಟೇಪು ಸುತ್ತಿದರು.

"ಸಾಹೇಬ್ರ, ಇದು ಇಡ್ಲಿ ಹಿಟ್ಟರೀ, ಆಪರೇಶನ್ ಅಲ್ಲರೀ" ಎಂದ ರಾಚಪ್ಪ. ಬಾಗಲಕೋಟೆ ಕಡೆಯವನು, ಇಪ್ಪತ್ತು ವರ್ಷದಿಂದ ಆ ಒಲೆಯ ಮುಂದೆ ನಿಂತವನು.

"ಆ ಐಸ್ ಪೆಟ್ಟಿಗೆ ತಾ."

"ಐಸಿನ್ಯಾಗ ಇಟ್ರ ಹೆಂಗ ಉಬ್ಬತೈತ್ರೀ?"

"ರಾಚಪ್ಪ, ಉಬ್ಬುವುದು ಹಿಟ್ಟಿನ ಸ್ವಭಾವ. ಅದು ತನ್ನಷ್ಟಕ್ಕೆ ಉಬ್ತದೆ. ಅದನ್ನು ಕ್ರಿಮಿಗಳಿಂದ ಕಾಪಾಡುವುದಷ್ಟೇ ನಮ್ಮ ಕೆಲಸ."

ರಾಚಪ್ಪ ಸೀಲಿಂಗ್ ಫ್ಯಾನಿನ ಕಡೆ ನೋಡಿದ. ಈ ಗದ್ದಲದಲ್ಲಿ ಕುಸುಮಾವತಿ, ಅಭ್ಯಂಜನಕ್ಕೆ ಮೊದಲೇ ಬೋಗುಣಿಯಿಂದ ನಾಲ್ಕು ಹಿಡಿ ಅಕ್ಕಿ, ಒಂದು ಹಿಡಿ ಉದ್ದು ಎತ್ತಿಕೊಂಡು ಮೇಲೆ ಹೋದದ್ದನ್ನು ಅವನೊಬ್ಬನೇ ಕಂಡ. ಕಂಡರೂ ಬಾಯಿ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಆರೂವರೆಗೆ ಕಾರು ಹೊರಟಿತು. ಡಿಕ್ಕಿಯಲ್ಲಿ ಐಸ್ ಪೆಟ್ಟಿಗೆ. ಹಿಂದಿನ ಸೀಟಿನಲ್ಲಿ ಹರಿದಾಸರು ಈ ಸಂದರ್ಭಕ್ಕೆಂದೇ ಕೊಂಡ ಬಿಳಿ ಕೋಟು, ವಿಜ್ಞಾನಿಗಳು ಹಾಕುವಂಥದ್ದು. ಅದರ ಪಕ್ಕದಲ್ಲಿ ಕುಸುಮಾವತಿಯ ಬುತ್ತಿಚೀಲ, ಮತ್ತು ಹಳೆ ಸೀರೆಯಲ್ಲಿ ಸುತ್ತಿದ ಒಂದು ಸ್ಟೀಲ್ ಡಬ್ಬಿ. ಯೇವಲಾ ದಾಟುವಷ್ಟರಲ್ಲಿ ಬಿಸಿಲು ಕಾರಿನೊಳಗೆ ಬಂತು. ಹರಿದಾಸರು ಮೂಗರಳಿಸಿದರು.

"ಎಂತದೋ ಹುಳಿ ವಾಸನೆ ಬರ್ತಾ ಉಂಟಲ್ಲ?"

"ನೀವು ಕಾರಿಗೆ ಹೊಡ್ದ ಕ್ರಿಮಿ ಔಷಧಿಯದ್ದಿರ್ಬೇಕು" ಎಂದು ಕುಸುಮಾವತಿ ಕಿಟಕಿಯಾಚೆಯ ಈರುಳ್ಳಿ ಹೊಲಗಳನ್ನು ನೋಡತೊಡಗಿದರು. ಹರಿದಾಸರು ಗಾಡಿ ನಿಲ್ಲಿಸಿ ಇನ್ನೊಂದಿಷ್ಟು ಹೊಡೆದರು.

ಕಾಲೇಜಿನ ಗೇಟಿನಲ್ಲಿ ಶ್ರೀಜಾ ಕಾಯುತ್ತಿದ್ದಳು. ನೀಲಿ ಕಾಟನ್ ಸೀರೆ, ಮುಖದಲ್ಲಿ ನಿದ್ದೆಗೆಟ್ಟ ಗುರುತು. ಕೋಟು ಕಂಡವಳೇ "ಪಪ್ಪ, ಪ್ಲೀಜ್, ಕೋಟು ಬೇಡ" ಎಂದು ಕೈ ಮುಗಿದಳು. ಕೋಟು ಕಾರಿನಲ್ಲೇ ಉಳಿಯಿತು. ಮೂವರೂ ಕ್ಯಾನು ಹೊತ್ತುಕೊಂಡು ಒಳಗೆ ಓಡಿದರು.

ಪಾಠ ಮರಾಠಿ, ಇಂಗ್ಲಿಷ್ ಬೆರೆತದ್ದು. ಶುರುವೇನೋ ಚೆನ್ನಾಗಿಯೇ ಆಯಿತು. ಬಟ್ಟೆ ವ್ಯಾಪಾರಿಯ ಹಲ್ಲಿನ ಕಥೆಗೆ ಮಕ್ಕಳು ನಕ್ಕರು. ಕ್ರಿಮಿ ಬೆಳೆಸುವ ತಟ್ಟೆಗೆ ಜೆಲ್ಲಿಯಂತೆ ಗಟ್ಟಿಯಾಗುವ ಚೈನಾ ಗ್ರಾಸ್ ಹಾಕುವ ಉಪಾಯ ಹೇಳಿಕೊಟ್ಟದ್ದು ದೊಡ್ಡ ವಿಜ್ಞಾನಿಯಲ್ಲ, ಅಡುಗೆಮನೆಯಲ್ಲಿ ಅದನ್ನು ಬಳಸುತ್ತಿದ್ದ ಒಬ್ಬ ವೈದ್ಯನ ಹೆಂಡತಿ ಅಂದಾಗ ಗೋಡೆಬದಿಯ ಕುರ್ಚಿಯಲ್ಲಿ ಗಂಡನ ಪಕ್ಕ ಕುಳಿತಿದ್ದ ಕುಸುಮಾವತಿ ನೆಟ್ಟಗಾದರು. ಆಮೇಲೆ ಶ್ರೀಜಾ "ಈಗ ನೋಡಿ, ಒಂದು ರಾತ್ರಿಯಲ್ಲಿ ಕೋಟಿಗಟ್ಟಲೆ ಜೀವಿಗಳು ಏನು ಮಾಡುತ್ತವೆ" ಎನ್ನುತ್ತ ಟೇಪು ಕಿತ್ತು ಮುಚ್ಚಳ ತೆರೆದಳು.

ಏನೂ ಮಾಡಿರಲಿಲ್ಲ. ಹಿಟ್ಟು ಹಾಕಿದಲ್ಲೇ ಮಲಗಿತ್ತು. ಗುಳ್ಳೆಯಿಲ್ಲ, ಹುಳಿಯಿಲ್ಲ, ಸುಣ್ಣ ಕದಡಿಟ್ಟ ಹಾಗಿತ್ತು. ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅದಕ್ಕೆ ಜೋಡಿಸಿದ್ದ ದೊಡ್ಡ ಪರದೆಯಲ್ಲಿ ನೋಡಿದರೆ ಅಕ್ಕಿಯ ಚೂರುಗಳು ಬಂಡೆಗಳಂತೆ ಬಿದ್ದಿದ್ದವು, ಅಷ್ಟೇ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ನೀರಜಾ ಮೇಡಂ ಕಾಗದದ ಮೇಲೆ ಏನೋ ಬರೆದರು. ಶ್ರೀಜಾ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು, ಮತ್ತೆ ಸಿಕ್ಕಿಸಿದಳು. ಅಳು ಬರುವ ಮೊದಲು ಚಿಕ್ಕಂದಿನಿಂದ ಅವಳು ಮಾಡುತ್ತಿದ್ದದ್ದು ಅದನ್ನೇ. ಮಗಳ ಅನ್ನಕ್ಕೆ ತಾನೇ ಕಲ್ಲು ಹಾಕಿದೆನಲ್ಲ ಎಂದು ಹರಿದಾಸರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕಕ್ಕೆ ತಿರುಗಿದರೆ ಕುಸುಮಾವತಿಯ ಕುರ್ಚಿ ಖಾಲಿ.

ಎರಡು ನಿಮಿಷದಲ್ಲಿ ಅವರು ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಸ್ಟೀಲ್ ಡಬ್ಬಿ. ಮುಚ್ಚಳ ಒಂದು ಕಡೆ ಎದ್ದಿತ್ತು, ಹಿಟ್ಟು ನಾಲ್ಕೂ ಕಡೆಯಿಂದ ಉಕ್ಕಿ ಇಳಿಯುತ್ತಿತ್ತು. ಕಾರಿಡಾರಿನ ಉದ್ದಕ್ಕೂ ಬಿಳಿ ಹನಿಗಳು. ನೆಲ ಇನ್ನಷ್ಟು ಹಾಳಾಗಬಾರದೆಂದು ಡಬ್ಬಿಯ ಕೆಳಗೆ ಅವರು ಒತ್ತಿ ಹಿಡಿದಿದ್ದ ಬಟ್ಟೆ ಹರಿದಾಸರ ವಿಜ್ಞಾನಿ ಕೋಟು.

"ನಿನ್ನ ರೂಮಲ್ಲಿ ನಾಲ್ಕು ಇಡ್ಲಿ ಬೇಯಿಸಿ ಕೊಡುವಾ ಅಂತ ತಂದದ್ದು ಮಗಾ" ಎಂದು ಮೆಲ್ಲಗೆ ಹೇಳಿ ಮೇಜಿನ ಮೇಲಿಟ್ಟರು. "ಅದೇ ಅಕ್ಕಿ, ಅದೇ ಉದ್ದು."

ಶ್ರೀಜಾ ಡಬ್ಬಿ ನೋಡಿದಳು, ಕ್ಯಾನು ನೋಡಿದಳು, ಅಪ್ಪನನ್ನು ನೋಡಿದಳು. ಅವಳ ಮುಖ ನಿಧಾನಕ್ಕೆ ಬೆಳಗಿತು. "ಪಪ್ಪ, ಇಕಡೆ ಯಾ" ಎಂದು ಕರೆದಳು. "ಕ್ಯಾನಿಗೆ ಏನೇನು ಮಾಡಿದ್ರಿ, ಒಂದೂ ಬಿಡದೆ ಹೇಳಿ."

ಹರಿದಾಸರು ಅರುವತ್ತು ಮಕ್ಕಳ ಮುಂದೆ ತಲೆತಗ್ಗಿಸಿ ಮರಾಠಿಯಲ್ಲಿ ತಪ್ಪೊಪ್ಪಿಕೊಂಡರು. ಕುದಿನೀರು ಅಂದಾಗ ಶ್ರೀಜಾ ಬೋರ್ಡಿನ ಮೇಲೆ 'ಶಾಖ' ಎಂದು ಬರೆದಳು. ಬ್ಲೀಚಿಂಗ್ ಪುಡಿಗೆ 'ರಾಸಾಯನಿಕ'. ಐಸಿಗೆ 'ತಂಪು'. ಟೇಪಿನ ಸುದ್ದಿ ಬರುವಷ್ಟರಲ್ಲಿ ತರಗತಿ ಬೆಂಚು ಬಡಿದು ನಗುತ್ತಿತ್ತು, ಆಕಳಿಸಿದವನೂ ಎದ್ದು ನಿಂತಿದ್ದ.

"ಜೀವಿಗಳನ್ನು ತಡೆಯುವ ಇಷ್ಟೂ ವಿಧಾನ ನೀವು ಪರೀಕ್ಷೆಗೆ ಓದಬೇಕು" ಎಂದಳು ಶ್ರೀಜಾ. "ನಮ್ಮಪ್ಪ ಒಂದೇ ಸಂಜೆಯಲ್ಲಿ ಮಾಡಿ ಮುಗಿಸಿದ್ದಾರೆ. ಪಾಶ್ಚರ್ ಕೂಡ ಹೀಗೇ ಮಾಡಿದ್ದು. ಮಾಂಸದ ಸಾರನ್ನು ಕುದಿಸಿ, ಹಂಸದ ಕತ್ತಿನಂತೆ ಬಗ್ಗಿದ ಗಾಜಿನ ಪಾತ್ರೆಯಲ್ಲಿಟ್ಟರು. ಗಾಳಿ ಹೋಗುತ್ತಿತ್ತು, ಧೂಳು ಬಗ್ಗಿದಲ್ಲೇ ನಿಲ್ಲುತ್ತಿತ್ತು. ಸಾರು ಕೆಡಲಿಲ್ಲ. ಧೂಳು ತಾಕುವಂತೆ ಪಾತ್ರೆ ಓರೆ ಮಾಡಿದರು, ಕೆಟ್ಟಿತು. ಅಲ್ಲಿಯವರೆಗೆ ಎಷ್ಟೋ ಪಂಡಿತರು ಇಂಥ ಜೀವಿಗಳು ತಮ್ಮಷ್ಟಕ್ಕೆ ಹುಟ್ಟುತ್ತವೆ ಅಂತಲೇ ನಂಬಿದ್ದರು. ತನ್ನಷ್ಟಕ್ಕೆ ಹಿಟ್ಟೂ ಉಬ್ಬುವುದಿಲ್ಲ. ಅದು ಉಬ್ಬಿದೆ ಅಂದರೆ, ನಮ್ಮ ಕಣ್ಣಿಗೆ ಬೀಳದ ಯಾರೋ ರಾತ್ರಿಯಿಡೀ ಕೆಲಸ ಮಾಡಿದ್ದಾರೆ."

ಪರದೆಯ ಮೇಲೆ ಈಗ ಡಬ್ಬಿಯ ಹನಿ. ಬಂಡೆಗಳ ನಡುವೆ ಜಾತ್ರೆಗೆ ಬಂದವರಂತೆ ಕಿಕ್ಕಿರಿದ ಚುಕ್ಕೆಗಳು, ಕಡ್ಡಿಗಳು, ಸರಗಳು. ಮಕ್ಕಳು ಬೆಂಚು ಬಿಟ್ಟು ಮುಂದೆ ಬಂದು ಮುತ್ತಿಕೊಂಡರು.

"ಇವೆಲ್ಲ ಕಾಕೂ ಅವರ ಕೈಯಿಂದ ಬಂದವಾ?" ಎಂದು ಒಬ್ಬಳು, ಹಿಟ್ಟು ಕಲಸಿದ ಕುಸುಮಾವತಿಯ ಕಡೆ ತೋರಿಸಿ ಕೇಳಿದಳು.

"ಹೆಚ್ಚಿನವು ಉದ್ದಿನಲ್ಲೇ ಇರುತ್ತವೆ. ಕೈ ಅವನ್ನು ಎಲ್ಲ ಕಡೆ ಹಂಚುತ್ತದೆ, ಬೆಚ್ಚಗೆ ಮಾಡುತ್ತದೆ, ತನ್ನವನ್ನೂ ಒಂದಿಷ್ಟು ಸೇರಿಸುತ್ತದೆ. ನಮ್ಮ ಮನೆಯಲ್ಲಿ ಇದಕ್ಕೊಂದು ಶಬ್ದ ಇದೆ" ಎಂದು ಶ್ರೀಜಾ ಬೋರ್ಡಿನ ಮೇಲೆ ಕನ್ನಡದಲ್ಲಿ 'ಕೈಗುಣ' ಎಂದು ಬರೆದಳು. ಅವಳ ಕನ್ನಡ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಹರಿದಾಸರಿಗೆ ಅದು ಸರಿಯಾಗಿ ಕಾಣಲಿಲ್ಲ, ಕನ್ನಡಕ ಮಂಜಾಗಿತ್ತು. ಮೂವತ್ತು ವರ್ಷ ತನ್ನಷ್ಟಕ್ಕೆ ನಡೆಯಿತೆಂದುಕೊಂಡಿದ್ದ ಹೋಟೆಲು ಅವರಿಗೆ ನೆನಪಾಯಿತು.

ಪಾಠ ಮುಗಿದ ಮೇಲೆ ನೀರಜಾ ಮೇಡಂ ಬಂದು ಶ್ರೀಜಾಳ ಕೈ ಕುಲುಕಿ "ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದುಬಿಡಿ" ಎಂದರು. ಕುಸುಮಾವತಿಗೆ ನಮಸ್ಕರಿಸಿ, ಡಬ್ಬಿಯ ಹಿಟ್ಟನ್ನು ಪ್ರಯೋಗಾಲಯಕ್ಕೆ ಕೊಟ್ಟು ಹೋಗುವಿರಾ ಎಂದು ವಿನಂತಿಸಿದರು. ಹರಿದಾಸರ ಕಡೆ ತಿರುಗಿ "ನೀವು ತಪ್ಪು ಕಸುಬು ಹಿಡಿದಿರಿ. ದೊಡ್ಡ ಆಸ್ಪತ್ರೆಯ ಆಪರೇಶನ್ ಥಿಯೇಟರಿನಲ್ಲಿ ಇರಬೇಕಿತ್ತು" ಎಂದರು. ಹರಿದಾಸರು ಇದು ಹೊಗಳಿಕೆಯೇ ಎಂದು ಸ್ವಲ್ಪ ಹೊತ್ತು ಯೋಚಿಸಿದರು.

ಕಾರಿನ ಹತ್ತಿರ ಬಂದು ಹಿಂದಿನ ಬಾಗಿಲು ತೆರೆದರೆ, ಸೀಟಿನ ಮೇಲೆ ಹಿಟ್ಟು, ಕಾಲಡಿಯ ಮ್ಯಾಟಿನಲ್ಲಿ ಹಿಟ್ಟು, ಬೆಲ್ಟಿನ ಸಂದಿಯಲ್ಲಿ ಹಿಟ್ಟು. ಅಲ್ಲೂ ಇನ್ನೂ ಗುಳ್ಳೆ ಏಳುತ್ತಿತ್ತು.

"ಇರ್ಲಿ ಬಿಡು" ಎಂದರು ಹರಿದಾಸರು ಅಭ್ಯಾಸಬಲದಿಂದ. "ತನ್ನಷ್ಟಕ್ಕೆ ಒಣಗ್ತದೆ."

ಕುಸುಮಾವತಿ ಅವರ ಕಡೆ ತಿರುಗಿದರು. ಬರೀ ನೋಡಿದರು.

ಈ ಸಲ ಹರಿದಾಸರು ಹೆದರಿದರು. ತೋಳು ಮಡಚಿ, ಬಿಳಿ ಕೋಟನ್ನೇ ನೀರಿನಲ್ಲಿ ಅದ್ದಿಕೊಂಡು, ಕೈಗವಸಿಲ್ಲದ ಬರಿಗೈಯಲ್ಲಿ ಸಂದಿಗೊಂದಿಗಳ ಹಿಟ್ಟನ್ನೆಲ್ಲ ಬಳಿದು ತೆಗೆದರು. ಮುಗಿಯುವಷ್ಟರಲ್ಲಿ ಮೊಣಕೈವರೆಗೂ ಬಿಳಿ. ಬೇವಿನ ನೆರಳಿನಲ್ಲಿ ಅಮ್ಮ ಮಗಳು ಬುತ್ತಿ ಬಿಚ್ಚಿ ಕುಳಿತಿದ್ದರು. ಹರಿದಾಸರು ಆ ಎರಡು ಕೈಗಳನ್ನೂ ಮುಂದೆ ಚಾಚಿಕೊಂಡು ಅಪರಾಧಿಯ ಹಾಗೆ ಬಂದು ನಿಂತರು.

"ಕೈ ಕೆಸರಾಯ್ತಲ್ಲ?" ಎಂದರು ಕುಸುಮಾವತಿ, ಬುತ್ತಿಯ ಡಬ್ಬಿಯ ಮುಚ್ಚಳ ತೆಗೆಯುತ್ತ. "ತೊಳ್ಕೊಂಡು ಬನ್ನಿ. ಸೋಪು ಸಾಕು, ಬ್ಲೀಚಿಂಗ್ ಪುಡಿ ಬೇಡ. ಮೊಸರನ್ನ ಉಂಟು."

ಹರಿದಾಸರು ಬಗ್ಗಿ ನೋಡಿದರು. ಗಟ್ಟಿ ಮೊಸರು. "ಅರೆ, ಎಷ್ಟು ಚಂದ ಆಗಿದೆ" ಎಂದರು.

"ಹೌದು" ಎಂದರು ಕುಸುಮಾವತಿ. "ತನ್ನಷ್ಟಕ್ಕೆ ಆದದ್ದಲ್ಲ."