ಚೌಳಿಗೊಂದು ಕೆಂಪು ಬಾವುಟ

ಕನಕರಾಜನ ಟೊಮೇಟೊ ಹೊಲದಲ್ಲಿ ಬೆಳಗ್ಗೆ ಕೆಂಪು ಬಾವುಟಗಳು ಎದ್ದವು. ಮಧ್ಯಾಹ್ನಕ್ಕೆ ಹೆಣ್ಣಿನ ಕಡೆಯವರ ಫೋನ್ ಬಂತು. ಎರಡೂ ಒಂದೇ ದಿನ ಆಗಬೇಕೆ, ನೀವೇ ಹೇಳಿ.

ಬಾವುಟ ನೆಟ್ಟವರು ಮಣ್ಣು ಪರೀಕ್ಷೆಯವರು. ಮಿಷಿನ್ ಹಿಡಿದು ಹೊಲವೆಲ್ಲ ಸುತ್ತಿ, ಉಪ್ಪು ಹತ್ತಿ ಚೌಳಾದ ಕಡೆಯೆಲ್ಲ ಒಂದೊಂದು ಸಿಕ್ಕಿಸಿದ್ದರು. "ನಾಳೆ ಬಂದು ನಕ್ಷೆ ಬರೀತೀವಿ. ಆಮೇಲೆ ಎಲ್ಲಿಗೆ ಎಷ್ಟು ಬೇಕೋ ಅಷ್ಟೇ ನೀರು ಬಿಡಿ, ಬೋರ್ ನೀರು ಎಷ್ಟೋ ಉಳಿಯುತ್ತೆ. ಅಲ್ಲೀವರೆಗೂ ಒಂದನ್ನೂ ಕೀಳಬೇಡಿ" ಎಂದು ಹೇಳಿ ಹೋಗಿದ್ದರು.

ಫೋನಿನಲ್ಲಿ ಕೈವಾರದ ಚಿಕ್ಕವೆಂಕಟಪ್ಪ, "ಸಾಯಂಕಾಲ ಮಗಳನ್ನೂ ಕರ್ಕೊಂಡು ಹೊಲ ನೋಡಕ್ಕೆ ಬರ್ತೀವಿ" ಎಂದರು.

ತಾಯಿ ಮುನಿಲಕ್ಷ್ಮಿ ಹಣೆ ಚಚ್ಚಿಕೊಂಡಳು. "ರೈತ ಅಂದ್ರೇನೆ ಹೆಣ್ಣು ಕೊಡಲ್ಲ. ನೀನು ಚೌಳು ನೆಲ ಅಂತ ಬಾವುಟ ಬೇರೆ ಹಾರಿಸ್ಕೊಂಡು ಕೂತಿದ್ದೀಯಲ್ಲಪ್ಪ."

ಪಕ್ಕದ ಹೊಲದ ವೆಂಕಟರವಣಪ್ಪನಿಗೆ ಕರೆಯದೆ ಬಂದು ಸಲಹೆ ಕೊಡುವುದೆಂದರೆ ಹೋಳಿಗೆ ತಿಂದಷ್ಟು ಸಂತೋಷ. "ಅದಕ್ಯಾಕೆ ಚಿಂತೆ? ಹೊಸ ಬೋರ್ ಕೊರ್ಸೋಕೆ ನೀರಿರೋ ಕಡೆ ಪಾಯಿಂಟ್ ಮಾಡ್ಸಿದೀವಿ ಅಂದ್ರಾಯ್ತು. ನೀನು ಬಾಯಿ ಬಿಡಬೇಡ ಕಣೋ, ನಾನು ನೋಡ್ಕೋತೀನಿ."

ನೋಡಿಕೊಂಡ, ಪುಣ್ಯಾತ್ಮ. ಸಾಯಂಕಾಲ ಮಗಳ ಜೊತೆ ಹೊಲಕ್ಕೆ ಬಂದ ಚಿಕ್ಕವೆಂಕಟಪ್ಪ ಮೊದಲ ಬಾವುಟ ಏನೆಂದು ಕೇಳಿದರು. "ಬೋರ್ ಪಾಯಿಂಟು." ಎರಡನೆಯದು? "ಅದೂ ಪಾಯಿಂಟೇ." ಬದುವಿನ ಹತ್ತಿರದ್ದು? "ಅಲ್ಲಂತೂ ಗಂಗಮ್ಮ ಕಾಲು ಮುರ್ಕೊಂಡು ಬಿದ್ದವ್ಳೆ."

ಬಾವುಟ ಹೆಚ್ಚಿದಂತೆಲ್ಲ ಮಾವನಾಗಬೇಕಾದವರ ಮುಖ ಬಾಡುತ್ತ ಬಂತು. "ನಡಿಯಮ್ಮ ತನುಜ" ಎಂದರು ಮಗಳಿಗೆ. "ಇಷ್ಟು ಕಡೆ ಹುಡುಕ್ತಾರೆ ಅಂದ್ರೆ ಎಲ್ಲೂ ನೀರು ಬಿದ್ದಿಲ್ಲ. ನಿನ್ನ ಬಿಂದಿಗೆ ಹೊರೋಕೆ ಕಳಿಸ್ಲಾ?"

ಕನಕರಾಜನಿಗೆ ತಡೆಯಲಾಗಲಿಲ್ಲ. ಹುಡುಗಿ ಆಗಲೇ ಮನಸ್ಸಿಗೆ ಬಂದುಬಿಟ್ಟಿದ್ದಳು. "ಯಜಮಾನ್ರೆ, ಅದೆಲ್ಲ ಸುಳ್ಳು. ನೀರಿದೆ. ಇದು ಚೌಳಿನ ಗುರುತು" ಎಂದು ಮಿಷಿನ್ನು, ನಕ್ಷೆ, ನೀರಿನ ಉಳಿತಾಯ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ. ಮುನಿಲಕ್ಷ್ಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತನುಜ ಮಾತ್ರ ಬಗ್ಗಿ ಮಣ್ಣು ಮುಟ್ಟಿ ನೋಡಿದಳು. "ನಮ್ಮ ಹೊಲದಲ್ಲೂ ಹಿಂಗೇ ಬೆಳ್ಳಗೆ ಉಪ್ಪು ಎದ್ದದಲ್ಲಪ್ಪ" ಎಂದು ಕನಕರಾಜನ ಕಡೆ ನೋಡಿ ನಕ್ಕಳು.

ಮನೆಗೆ ಹೋಗಿ ಹೇಳ್ತೀವಿ ಎಂದು ಹೊರಟರು. ದೀಪ ಹಚ್ಚುವ ಹೊತ್ತಿಗೆ ಫೋನ್ ಬಂತು.

"ನಮಗೆಲ್ಲ ಒಪ್ಪಿಗೆ ಆಯ್ತಪ್ಪ."

ಮುನಿಲಕ್ಷ್ಮಿ ದೇವರಿಗೆ ಕೈಮುಗಿದಳು. ಎಲ್ಲ ತನ್ನಿಂದಲೇ ಆಯಿತೆಂದು ವೆಂಕಟರವಣಪ್ಪ ಸಕ್ಕರೆ ಕೇಳಿದ. ಕನಕರಾಜ ತೊದಲಿದ: "ಯಾವಾಗ ಇಟ್ಕೊಳ್ಳಣ ಮಾವ?"

"ನಾಡಿದ್ದೇ ಕರ್ಕೊಂಡು ಬಾ."

"ಯಾರನ್ನ?"

"ಮಿಷಿನ್ನೋರನ್ನ ಕಣಪ್ಪ. ಒಪ್ಪಿಗೆ ಆಗಿದ್ದು ಅದು. ನಿನ್ನ ವಿಷಯ ನಮ್ಮ ಚೌಳು ಬಿಟ್ಟಮೇಲೆ ನೋಡಣ ಅಂತವ್ಳೆ ತನುಜ. ಬಾವುಟ ಹೊರೋಕೆ ಮಾತ್ರ ನೀನೇ ಬರಬೇಕಂತೆ."

ಕನಕರಾಜ ಫೋನ್ ಇಟ್ಟವನೇ ಬಾವುಟಕ್ಕೆ ಕಡ್ಡಿ ಸೀಳಲು ಕೂತ.