ಕ್ರಿಮಿಗೆ ಅಳತೆ

ದರ್ಜಿ: ಪೂರ್ತಿ ನುಂಗಿದೀನಿ ಅಂದ್ನಲ್ಲ ಡಾಕ್ಟ್ರಮ್ಮ! ನೋಡಿ, ಸಾಕ್ಷಿ.

ಮಾತ್ರೆಯ ಪಟ್ಟಿಗಳನ್ನು ಮೇಜಿನ ಮೇಲೆ ಸುರಿದ. ಎಲ್ಲವೂ ಖಾಲಿ. ಹೊಲಿಗೆ ಮಿಷನ್ ತುಳಿಯುವ ಬಲಗಾಲು ಮಾತ್ರ ಮೂರು ತಿಂಗಳಿಂದ ಕೀವು ಸುರಿಸುತ್ತ ಸ್ಟೂಲಿನ ಮೇಲೆ ದೊರೆಯ ಹಾಗೆ ಚಾಚಿಕೊಂಡಿತ್ತು.

ಡಾಕ್ಟರಮ್ಮ: ಪೂರ್ತಿ ನುಂಗಿದ್ರೆ ಕ್ರಿಮಿ ಇಷ್ಟು ಕೊಬ್ತಿರ್ಲಿಲ್ಲ. ಯಾವ ಮಾತ್ರೆಗೂ ಜಗ್ತಿಲ್ಲ. ಈ ಹೊಸ ಔಷಧಿಗೂ ಬಗ್ಗದಿದ್ರೆ ಪಾದಾನೇ ತೆಗೀಬೇಕಾಗುತ್ತೆ.

ಹೆಂಡತಿ (ಕೆಮ್ಮುತ್ತ): ಅಯ್ಯೋ! ಎರಡು ಕಾಲಿದ್ದಾಗ್ಲೇ ಇವ್ರು ಹೇಳಿದ ದಿನ ಬಟ್ಟೆ ಕೊಟ್ಟೋರಲ್ಲ.

ದರ್ಜಿ: ಸುಮ್ನಿರೇ. ಅದೇನಮ್ಮ ಹೊಸ ಔಷಧಿ?

ಡಾಕ್ಟರಮ್ಮ: ನ್ಯಾನೋ ಕಣ. ಒಂದು ಕೂದಲಿನ ದಪ್ಪದಲ್ಲಿ ಸಾವಿರ ಕಣ ಸಾಲಾಗಿ ನಿಲ್ಲುತ್ವೆ. ಒಳಗೆ ಔಷಧಿ, ಮೇಲೆ ಹೊದಿಕೆ. ಆ ಹೊದಿಕೆ ನಿಮ್ಮ ಗಾಯದ ಕ್ರಿಮಿಗೆ ಮಾತ್ರ ಅಂಟುತ್ತೆ. ಅಂಟಿದ ಮೇಲೇ ಔಷಧಿ ಬಿಡುತ್ತೆ.

ದರ್ಜಿ: ಓಹೋ, ಕ್ರಿಮಿ ಅಳತೆ ತಗೊಂಡಿದೀರಿ!

ಡಾಕ್ಟರಮ್ಮ: ಮತ್ತೆ? ಮೊನ್ನೆ ಕೀವು ತೆಗೆದಿದ್ದು ಅದಕ್ಕೇ.

ಹೆಂಡತಿ: ಇವ್ರು ಎದುರಿಗೆ ನಿಲ್ಲಿಸ್ಕೊಂಡು ಅಳತೆ ತಗೊಂಡ್ರೂ ಅಂಗಿ ತೋಳು ಹತ್ತಲ್ಲ. ನೀವು ಕಣ್ಣಿಗೆ ಕಾಣದ್ದಕ್ಕೆ ಹೊಲೀತೀರಲ್ಲ, ಪುಣ್ಯವಂತ್ರು!

ಡಾಕ್ಟರಮ್ಮ: ದಿನಕ್ಕೊಂದು ಇಂಜೆಕ್ಷನ್, ಹತ್ತು ದಿನ. ಒಂದೂ ತಪ್ಪಬಾರ್ದು.

ದರ್ಜಿ: ಮೂರೇ ದಿನಕ್ಕೆ ನೋವು ಹೋದ್ರೆ?

ಡಾಕ್ಟರಮ್ಮ: ಆದ್ರೂ ಹತ್ತು.

ದರ್ಜಿ: ಮಿಕ್ಕ ಏಳು ಇವಳ ಕೆಮ್ಮಿಗೆ ಹಾಕ್ಬಹುದಲ್ವಾ?

ಹೆಂಡತಿ ಗಂಡನ ತೋಳು ಚಿವುಟಿದಳು. ಅಷ್ಟರಲ್ಲಿ ಮಾತು ಬಾಯಿ ದಾಟಿತ್ತು.

ಡಾಕ್ಟರಮ್ಮ: ಮಿಕ್ಕಿದ್ದಾ? ಅಂದ್ರೆ ಈ ಮಾತ್ರೆಗಳೂ...?

ದರ್ಜಿ: ಮೂರು ದಿನ ನಾನು, ನಾಲ್ಕು ದಿನ ಇವಳು. ತುಂಡು ಬಟ್ಟೇನೇ ಎಸೆಯೋನಲ್ಲ, ಮಾತ್ರೆ ಎಸೀತೀನಾ? ಕೋರ್ಸು ಮನೇಲೇ ಪೂರ್ತಿ ಆಯ್ತಲ್ಲ!

ಡಾಕ್ಟರಮ್ಮನಿಗೆ ನಗು, ಸಿಟ್ಟು ಎರಡೂ ಬಂದವು. ಗೆದ್ದಿದ್ದು ಸಿಟ್ಟು.

ಡಾಕ್ಟರಮ್ಮ: ಅರ್ಧ ಏಟು ತಿಂದು ಉಳಿದ ಕ್ರಿಮಿ ಪೈಲ್ವಾನ್ ಆಗಿದೆ. ಅದನ್ನ ಸಾಕಿದ್ದೇ ನೀವು!

ಹೆಂಡತಿ: ಕೇಳಿದ್ರಾ? ಹಾವಿಗೆ ಹಾಲೆರೆದ್ರಿ! ನಾನು ಅವತ್ತೇ...

ಮುಂದಿನದನ್ನು ಕೆಮ್ಮು ನುಂಗಿತು.

ಡಾಕ್ಟರಮ್ಮ: ಎಷ್ಟು ದಿನದಿಂದ ಈ ಕೆಮ್ಮು?

ಹೆಂಡತಿ (ಮೆಲ್ಲಗೆ): ಇವ್ರ ಗಾಯದಷ್ಟೇ ವಯಸ್ಸು.

ಡಾಕ್ಟರಮ್ಮ ಕಫ ಪರೀಕ್ಷೆಯ ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದಿಟ್ಟರು. ದರ್ಜಿಯ ಮುಖ ಮೊದಲ ಸಲ ಅರಳಿತು.

ದರ್ಜಿ: ಕೊಡೇ, ನಿನ್ನ ಅಳತೇನೂ ಕೊಡು. ಈ ಅಂಗಡೀಲಿ ಒಬ್ಬರ ಬಟ್ಟೆ ಇನ್ನೊಬ್ಬರಿಗೆ ಆಗಲ್ವಂತೆ.