ಅತ್ತೆಯವರ ಕಾಲು ಉಳುಕಿದ ವಾರ

ನಮ್ಮ ಬೀದಿಯಲ್ಲಿ ಯಾರ ಕಾಲು ಉಳುಕಿದರೂ ಅದು ಅವರೊಬ್ಬರ ಕಾಲಾಗಿ ಉಳಿಯೋದಿಲ್ಲ, ಇಡೀ ಬೀದಿಯದಾಗಿಬಿಡುತ್ತೆ. ನಾನು ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಹೊಸದರಲ್ಲಿ, ಅತ್ತೆ ಅಂಗಳದಲ್ಲಿ ಒಣಹಾಕಿದ್ದ ಅರಿಶಿನದ ಕೊಂಬಿನ ಮೇಲೆ ಕಾಲಿಟ್ಟು ಜಾರಿದರು. "ಮೂಳೆಗೇನೂ ಆಗಿಲ್ಲ. ಓಡಾಡಬೇಡಿ, ಐಸ್ ಇಡಿ, ಕಾಲು ಎತ್ತಿಟ್ಕೊಳ್ಳಿ" ಅಂದರು ಡಾಕ್ಟರು.

"ಭಾನ್ವಾರ ಗುಂಡ್ಲುಪೇಟೇಲಿ ತಮ್ಮನ ಮಗಳ ನಿಶ್ಚಿತಾರ್ಥ. ಸೋದರತ್ತೆ ನಾನಿಲ್ದೆ ಎಂಗ್ಲಾ ಮಾಡಾರು?" ಎಂದು ಅತ್ತೆ ನನ್ನ ಗಂಡನ ಮೇಲೆ ರೇಗಿದರು, ಉಳುಕಿಸಿದ್ದು ಅವರೇ ಅನ್ನೋ ಹಾಗೆ.

ಐಸು

ಮನೆಯಲ್ಲಿ ಫ್ರಿಜ್ ಇರಲಿಲ್ಲ. ನಮ್ಮ ಯಜಮಾನರು ಸೈಕಲ್ಲಿನವನ ಹತ್ತಿರ ಕೆಂಪು ಬಣ್ಣದ ಐಸ್‌ಕ್ಯಾಂಡಿ ತಂದರು. ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ಸ್ವಲ್ಪ ಹೊತ್ತಿಗೆ ಪಾದವೆಲ್ಲ ಕೆಂಪು. ಎದುರುಮನೆ ಅಜ್ಜಿ ಬಂದು ನೋಡಿ, "ಅಯ್ಯಯ್ಯೋ, ರಕ್ತ ಎಪ್ಪುಗಟ್ಬುಟ್ಟದಲ್ಲಪ್ಪೋ!" ಎಂದು ಬಾಯಿ ಬಡಿದುಕೊಂಡರು.

"ಅದು ಐಸ್‌ಕ್ಯಾಂಡಿ ಕಣಜ್ಜಿ. ಕಾಲ್ಗೆ ಸಾಕು. ಅಮ್ಮಿ, ಮಿಕ್ಕಿದ್ದ ಇತ್ತಾಗ್ ಕೊಡು, ಬಾಯಿ ಒಣಗ್ತದೆ" ಅಂದರು ಅತ್ತೆ.

ಪಟ್ಟು

ಐಸನ್ನು ಬೀದಿ ನಂಬಲಿಲ್ಲ. ಒಬ್ಬರು ಹುಣಸೆಹಣ್ಣು, ಉಪ್ಪು ಕಾಯಿಸಿ ಹಚ್ಚಿ ಅಂದರು. ಇನ್ನೊಬ್ಬರು ಮೆಣಸು ಅರೆದು ತಂದರು. ಅಜ್ಜಿಯಂತೂ ಅರಿಶಿನವೇ ಆಗಬೇಕು ಅಂತ ಹಟ ಹಿಡಿದರು. ಯಾರನ್ನೂ ಬೇಜಾರು ಮಾಡಬಾರದಲ್ಲ, ಎಲ್ಲಾ ಹಚ್ಚಿದ್ದಾಯಿತು.

ಅತ್ತೆ ಮೂಸಿ ನೋಡಿ, "ಬೇಳೆ ಒಂದು ಬಿದ್ರೆ ಸಾರೇ ಆಗೋಯ್ತದೆ ಕಣಮ್ಮಿ" ಅಂದರು.

ಎತ್ತಿಟ್ಟ ಕಾಲು

ಮೂರು ದಿಂಬಿನ ಮೇಲೆ ಕಾಲು ಇಡಿಸಿದೆ. ಆ ಕಡೆ ದೇವರ ಮನೆ! ತಿರುಗಿಸಿದೆ, ಮಾವನವರ ಫೋಟೋ. ಮತ್ತೆ ತಿರುಗಿಸಿದರೆ ಬಾಗಿಲು. ಬಂದವರ ಮುಖಕ್ಕೇ ಕಾಲು ತೋರಿಸಿದ ಹಾಗಾಗುತ್ತೆ. ಕೊನೆಗೆ ಟಿವಿ ಕಡೆ ಚಾಚಿಸಿದೆ. ಹಾಕಿದ ಕೂಡಲೇ ಭಕ್ತಿ ಧಾರಾವಾಹಿ, ಸಾಕ್ಷಾತ್ ದೇವರೇ ಪ್ರತ್ಯಕ್ಷ. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡು, "ಡಾಕುಟ್ರು ಯೋಳವ್ರೆ ಸ್ವಾಮಿ, ಒಸಿ ಅತ್ತಾಗ್ ಸರ್ಕೋ" ಅಂದರು.

ಕಾಲು ಮುಂದಾಗಿ ಹುಟ್ಟಿದವರು

ಶುಕ್ರವಾರ ಅಜ್ಜಿ ಕೊನೆಯ ಅಸ್ತ್ರ ತೆಗೆದರು: "ಉಟ್ಟುವಾಗ ಕಾಲು ಮುಂದಾಗಿ ಬಂದೋರು ಒದ್ರೆ ಉಳುಕು ಬುಟ್ಟೋಯ್ತದೆ." ಬೀದಿಯಲ್ಲಿ ಹುಡುಕಿದರು, ಯಾರೂ ಸಿಗಲಿಲ್ಲ. ಮದ್ದೂರಿನ ಕಡೆ ಒಬ್ಬನಿದ್ದಾನೆ, ಜೀಪು ಮಾಡಿ ಕರೆಸೋಣ ಅನ್ನೋವರೆಗೂ ಹೋಯಿತು ಮಾತು.

ನಾನು ಹುಟ್ಟಿದ್ದೇ ಹಾಗೆ! "ಅತ್ತೆ ಮನೇಲಿ ಬಾಯ್ಬುಡಬ್ಯಾಡ, ಆಮೇಲೆ ಊರೋರೆಲ್ಲ ಸೊಂಟ ಇಡ್ಕಂಡು ಬಾಗ್ಲಿಗೆ ಬತ್ತಾರೆ" ಎಂದು ನಮ್ಮಮ್ಮ ಎಚ್ಚರಿಸಿಯೇ ಕಳಿಸಿದ್ದರು. ಆದರೆ ನಿಶ್ಚಿತಾರ್ಥದ ಸೀರೆ ತೊಡೆ ಮೇಲಿಟ್ಟುಕೊಂಡು ಕಣ್ಣೊರೆಸುತ್ತಿದ್ದ ಅತ್ತೆಯನ್ನು ನೋಡಿ ತಡೆಯಲಾರದೆ ಹೇಳಿಬಿಟ್ಟೆ.

"ನಿನ್ ಮನೆ ಆಳಾಗ! ಮದ್ದು ಮನೇಲೇ ಮಡಿಕ್ಕಂಡು ಊರೆಲ್ಲ ಹುಡುಕ್ಸ್ಬುಟ್ನಲ್ಲ!" ಅಂದರು ಅತ್ತೆ. ಹಾಳಾಗೋದು ಅವರದೇ ಮನೆ ಅಂತ ನಾನು ಹೇಳಲಿಲ್ಲ.

ಕಾಲಿನ ಹೆಬ್ಬೆರಳಲ್ಲಿ ಸೋಕಿಸಿ, ತಕ್ಷಣ ಕಾಲಿಗೆ ಬಿದ್ದು ತಪ್ಪಾಯ್ತು ಅಂದೆ. "ಇದೇನಮ್ಮಿ, ಇರುವೆ ಅರ್ದಂಗಾಯ್ತು! ಬೆಳಿಗ್ಗೆ ಉಣ್ನಿಲ್ವಾ? ಸರ್ಯಾಗಿ ಒದಿ!"

ಅಷ್ಟರಲ್ಲಿ ನಮ್ಮಮ್ಮನ ಫೋನು ಬಂತು. ಎತ್ತಿದ ನಮ್ಮ ಯಜಮಾನರು ಶಾಂತವಾಗಿ, "ನಿಮ್ಮ ಮಗಳು ನಮ್ಮಮ್ಮನ್ನ ಒದೀತಾವ್ಳೆ ಅತ್ತೆ, ಆಮೇಲೆ ಮಾಡಿ" ಎಂದು ಇಟ್ಟುಬಿಟ್ಟರು!

ನನ್ನ ತವರೂ ಗುಂಡ್ಲುಪೇಟೆಯೇ. ಸಿಕ್ಕ ಬಸ್ಸು ಹತ್ತಿ ನಮ್ಮಮ್ಮ ಓಡಿ ಬಂದರು. "ಮಾನ ಕಳೆದ್ಬುಟ್ಯಲ್ಲೇ!" ಎಂದು ಹೊಸಲಲ್ಲೇ ಅಳು. ಅತ್ತೆ ಯಾರನ್ನೂ ಹಿಡಿಯದೆ ಎದ್ದು, ನಡೆದುಕೊಂಡೇ ಬಾಗಿಲಿಗೆ ಬಂದರು. ವಾರವೆಲ್ಲ ಮಲಗಿದ್ದಕ್ಕೆ ಊತ ಆಗಲೇ ಇಳಿದಿತ್ತು, ಹೆಸರು ಮಾತ್ರ ನನ್ನ ಕಾಲಿಗೆ ಬಂತು.

"ಯಾಕ್ ಬಯ್ತೀರಾ ಬೀಗ್ತಿ? ನಾನೇ ಒದಿಸ್ಕಂಡಿದ್ದು. ಭಾನ್ವಾರ ಇವಳ್ನೂ ನಿಶ್ಚಿತಾರ್ಥಕ್ಕೆ ಕರ್ಕಂಡೋಯ್ತೀನಿ. ನನ್ ತಮ್ಮನ ಎಂಡ್ತಿಗೆ ಸೊಂಟ ಇಡ್ಕಂಡದಂತೆ" ಅಂದ ಅತ್ತೆ, ನನ್ನ ಕಡೆ ತಿರುಗಿದರು. "ಅವ್ಳಿಗೆ ಒಂದು ಒದೆ ಬೀಳ್ಬೇಕು ಅಂತ ಇಪ್ಪತ್ತು ವರ್ಸದಿಂದ ಆಸೆ ಕಣಮ್ಮಿ. ಅಲ್ಲಿ ಮಾತ್ರ ಮೆತ್ತಗ್ ಒದ್ದೀಯ, ಜ್ವಾಕೆ!"